ಬಜೆಟ್‌ನ ಆದ್ಯತೆ ತಿಳಿಯುವುದು ಹಣ ಬಿಡುಗಡೆಯ ಸರದಿಯಲ್ಲಿ

ಮಾನ್ಯ ಸಂಪಾದಕರೇ,

ಮಾರ್ಚ್‌ನಲ್ಲಿ ಮಂಡನೆಯಾಗಲಿರುವ ರಾಜ್ಯ ಬಜೆಟ್‌ಗೆ ಸಿದ್ಧತೆ ನಡೆದಿರುವ ಈ ಹೊತ್ತಿನಲ್ಲಿ ಪತ್ರಿಕೆಗಳಲ್ಲೂ ಟಿ.ವಿ. ಚರ್ಚೆಗಳಲ್ಲೂ ಮತ್ತೆ ಹಳೆಯ ವಾದವೇ ಕೇಳಿಬರುತ್ತಿದೆ. ಗ್ಯಾರಂಟಿ ಯೋಜನೆಗಳಿಂದ ಅಭಿವೃದ್ಧಿ ಕುಂಠಿತವಾಯಿತು ಎಂದು ಒಂದು ಬಣ ಹೇಳಿದರೆ, ಬಡವರ ಕೈಗೆ ಹಣ ತಲುಪುವುದೇ ಅಭಿವೃದ್ಧಿ ಎಂದು ಇನ್ನೊಂದು ಬಣ ಹೇಳುತ್ತದೆ. ಖಜಾನೆ ಇಲಾಖೆಯಲ್ಲಿ ಸೇವೆ ಸಲ್ಲಿಸಿ ನಿವೃತ್ತನಾದ ನನಗೆ, ಎರಡೂ ಬಣದವರು ಬಜೆಟ್ ಪುಸ್ತಕದಲ್ಲಿ ಅಚ್ಚಾದ ಅಂಕಿಯ ಮೇಲೆ ಮಾತ್ರ ಜಗಳವಾಡುತ್ತಿದ್ದಾರೆ ಅನ್ನಿಸುತ್ತದೆ. ಆ ಅಂಕಿ ಯಾರ ಕೈಗೆ, ಯಾವ ತಿಂಗಳಲ್ಲಿ, ಯಾರ ನಂತರ ಹಣವಾಗಿ ತಲುಪುತ್ತದೆ ಎಂಬುದನ್ನು ಕೇಳುವವರು ವಿರಳ. ಸರ್ಕಾರದ ನಿಜವಾದ ಆದ್ಯತೆ ಆ ಸರದಿಯಲ್ಲಿ ತಿಳಿಯುತ್ತದೆ. ಯಾರ ಹಣ ತಡವಾದರೂ ಪರವಾಗಿಲ್ಲ ಎಂದು ವ್ಯವಸ್ಥೆ ಭಾವಿಸಿದೆಯೋ ಅವರೇ ಈ ರಾಜ್ಯದಲ್ಲಿ ಕಟ್ಟಕಡೆಯವರು. ಈ ಮಾತನ್ನು ವಿವರವಾಗಿ ಹೇಳಲು ಸ್ವಲ್ಪ ಹೆಚ್ಚಿನ ಜಾಗ ಕೋರುತ್ತೇನೆ.

ಕಳೆದ ವಾರ ಬಸವನಗುಡಿಯ ನಮ್ಮ ಮನೆಯಲ್ಲಿ ಕೆಲವು ಹಳೆಯ ಸ್ನೇಹಿತರು ರಾತ್ರಿಯ ಊಟಕ್ಕೆ ಸೇರಿದ್ದೆವು. ಅವರೆಕಾಯಿಯ ಕಾಲವಾದ್ದರಿಂದ ಹಿತಕಿದಬೇಳೆ ಸಾರು ಮತ್ತು ಮುದ್ದೆ ನಮ್ಮ ಮನೆಯದಾಗಿತ್ತು. ಉಳಿದವರು ತಂತಮ್ಮ ಮನೆಯಿಂದ ಒಂದೊಂದು ಅಡುಗೆ ತಂದಿದ್ದರು. ಪೀಣ್ಯದಲ್ಲಿ ಬಿಡಿಭಾಗ ತಯಾರಿಸುವ ಸಣ್ಣ ಕಾರ್ಖಾನೆ ನಡೆಸುವವರೊಬ್ಬರು, ನಿವೃತ್ತ ಬಸ್ ಕಂಡಕ್ಟರ್ ಒಬ್ಬರು, ನಗರದ ಅಂಚಿನ ಸರ್ಕಾರಿ ಶಾಲೆಯೊಂದರ ಮುಖ್ಯ ಶಿಕ್ಷಕಿ, ಕಲಬುರಗಿ ಜಿಲ್ಲೆಯಿಂದ ಬಂದು ಇಲ್ಲಿ ನರ್ಸ್ ಆಗಿ ದುಡಿಯುತ್ತಿರುವ ಒಬ್ಬ ಹೆಣ್ಣುಮಗಳು ನಮ್ಮ ಪಂಕ್ತಿಯಲ್ಲಿದ್ದರು. ಮಾತು ಬಜೆಟ್ಟಿಗೆ ಹೊರಳಿ, ಎಲೆ ಎತ್ತಿದ ಮೇಲೂ ಬಹಳ ಹೊತ್ತು ನಡೆಯಿತು. ಅಂದು ಕೇಳಿದ ಕೆಲವು ಸಂಗತಿಗಳು ನಾನು ಸೇವೆಯಲ್ಲಿದ್ದಾಗ ಕಂಡಿದ್ದಕ್ಕೆ ಸರಿಯಾಗಿ ಹೊಂದಿಕೊಂಡಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಮಾತು ಆರಂಭಿಸಿದವರು ಪೀಣ್ಯದ ಸ್ನೇಹಿತರು. 2025-26ರ ಬಜೆಟ್ ಗಾತ್ರ 4,09,549 ಕೋಟಿ ರೂಪಾಯಿ, ಅದರಲ್ಲಿ ಐದು ಗ್ಯಾರಂಟಿಗಳಿಗೆ ಮೀಸಲಿಟ್ಟಿದ್ದು 51,034 ಕೋಟಿ; ಎಂಟು ರೂಪಾಯಿಯಲ್ಲಿ ಒಂದು ರೂಪಾಯಿ ಹೀಗೆ ಹೋದರೆ ಕೈಗಾರಿಕಾ ಪ್ರದೇಶದ ರಸ್ತೆ, ಚರಂಡಿ ಯಾವಾಗ ಸರಿಯಾಗಬೇಕು ಎಂಬುದು ಅವರ ಪ್ರಶ್ನೆ. ‘ತೆರಿಗೆ ಕಟ್ಟುವವರು ನಾವು, ಹಂಚಿಸಿಕೊಳ್ಳುವವರು ಬೇರೆಯವರು’ ಎಂದು ಅವರು ಹೇಳಿದ್ದನ್ನು ನಾನು ಲಘುವಾಗಿ ತೆಗೆದುಕೊಳ್ಳುವುದಿಲ್ಲ. ಹತ್ತಾರು ಜನರಿಗೆ ಕೆಲಸ ಕೊಟ್ಟು, ತಿಂಗಳ ಕೊನೆಗೆ ಸಂಬಳ ಹೊಂದಿಸಲು ಪರದಾಡುವ ಸಣ್ಣ ಉದ್ಯಮಿಯ ಮಾತು ಅದು.

ಆದರೆ ತೆರಿಗೆ ಕಟ್ಟುವವರು ಯಾರು ಎಂಬ ಪ್ರಶ್ನೆಗೆ ಬಜೆಟ್ ಪುಸ್ತಕವೇ ಬೇರೆ ಉತ್ತರ ಕೊಡುತ್ತದೆ. 2025-26ರಲ್ಲಿ ರಾಜ್ಯದ ಸ್ವಂತ ತೆರಿಗೆ ಸಂಗ್ರಹದ ಗುರಿ 2,08,100 ಕೋಟಿ ರೂಪಾಯಿ. ಅದರಲ್ಲಿ ವಾಣಿಜ್ಯ ತೆರಿಗೆಯ ಗುರಿ 1,20,000 ಕೋಟಿ, ಅಬಕಾರಿಯದು 40,000 ಕೋಟಿ. ಅಂದರೆ ಮುಕ್ಕಾಲು ಪಾಲು ಬರುವುದು ಜನ ಅಂಗಡಿಯಲ್ಲಿ ಸಾಮಾನು ಕೊಂಡಾಗ, ಪೆಟ್ರೋಲ್ ಹಾಕಿಸಿದಾಗ, ಮದ್ಯ ಕುಡಿದಾಗ. ಸೋಪು, ಚಪ್ಪಲಿ, ಮೊಬೈಲ್ ರೀಚಾರ್ಜ್ ಇವುಗಳ ಮೇಲಿನ ತೆರಿಗೆ ಕೋಟ್ಯಧಿಪತಿಗೂ ಮನೆಗೆಲಸದಾಕೆಗೂ ಒಂದೇ ದರದ್ದು. ಆದರೆ ಆಕೆಯ ಸಂಬಳದ ಬಹುಪಾಲು ಆ ತಿಂಗಳೇ ಖರ್ಚಾಗುವುದರಿಂದ, ದುಡಿಮೆಗೆ ಹೋಲಿಸಿದರೆ ತೆರಿಗೆಯ ಭಾರ ಆಕೆಯ ಮೇಲೆಯೇ ಹೆಚ್ಚು. ಅಬಕಾರಿಯ 40,000 ಕೋಟಿಯಲ್ಲಿ ಎಷ್ಟು ಪಾಲು ಕೂಲಿಕಾರರ ಜೇಬಿನಿಂದ, ಅವರ ಹೆಂಡತಿ ಮಕ್ಕಳ ಅನ್ನದಿಂದ ಬರುತ್ತದೆ ಎಂಬುದನ್ನು ಊಹಿಸಲು ಅರ್ಥಶಾಸ್ತ್ರ ಓದಬೇಕಾಗಿಲ್ಲ. ಅದೇ ಬಜೆಟ್ಟಿನಲ್ಲಿ ಗೃಹಲಕ್ಷ್ಮಿಗೆ ಕೊಟ್ಟಿದ್ದು 28,608 ಕೋಟಿ. ಗಂಡಸಿನ ಕೈಯಿಂದ ಮದ್ಯದಂಗಡಿಯ ಮೂಲಕ ಖಜಾನೆಗೆ ಬಂದ ಹಣದಲ್ಲಿ ಒಂದಿಷ್ಟು ಹೆಂಗಸಿನ ಬ್ಯಾಂಕ್ ಖಾತೆಗೆ ಮರಳುತ್ತಿದ್ದರೆ ಅದನ್ನು ಬಿಟ್ಟಿ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ಏಳನೇ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್ 1ರಿಂದ ಸರ್ಕಾರಿ ನೌಕರರ ಮೂಲ ವೇತನ ಮತ್ತು ಪಿಂಚಣಿ ಶೇ 27.5ರಷ್ಟು ಪರಿಷ್ಕರಣೆಯಾಯಿತು, ಅದರ ವಾರ್ಷಿಕ ಹೆಚ್ಚುವರಿ ಹೊರೆ 20,208 ಕೋಟಿ ರೂಪಾಯಿ ಎಂದು ಸರ್ಕಾರವೇ ಹೇಳಿತ್ತು. ನನ್ನ ಪಿಂಚಣಿಯೂ ಅದರಲ್ಲಿ ಸೇರಿದೆ. ಅದು ನಾವು ದುಡಿದು ಗಳಿಸಿದ ಹಕ್ಕು ಎಂದು ನಾನು ನಂಬಿದ್ದೇನೆ. ಅದು ಪ್ರತಿ ತಿಂಗಳೂ ತಪ್ಪದೆ ಖಾತೆಗೆ ಬೀಳುತ್ತದೆ ಎಂಬ ಭರವಸೆಯ ಮೇಲೆ ನನ್ನ ಮನೆ ನಡೆಯುತ್ತಿದೆ. ಅಷ್ಟೇ ಭರವಸೆ ಬಿಸಿಯೂಟದ ಅಡುಗೆಯವರಿಗೆ, ಅಂಗನವಾಡಿ ಸಹಾಯಕಿಗೆ, ಅತಿಥಿ ಶಿಕ್ಷಕರಿಗೆ ಯಾಕಿಲ್ಲ ಎಂಬುದೇ ನನ್ನ ಪ್ರಶ್ನೆ.

ಅಂದಿನ ಮಾತುಕತೆಯಲ್ಲಿ ನನ್ನನ್ನು ಹೆಚ್ಚು ತಟ್ಟಿದ್ದು ಮುಖ್ಯ ಶಿಕ್ಷಕಿ ವಿವರಿಸಿದ ಮೊಟ್ಟೆಯ ಲೆಕ್ಕ. ಸರ್ಕಾರಿ ಶಾಲೆಯ ಮಕ್ಕಳಿಗೆ ಬಿಸಿಯೂಟದ ಜೊತೆಗೆ ಮೊಟ್ಟೆ ಕೊಡುವುದು ಒಳ್ಳೆಯ ಕಾರ್ಯಕ್ರಮ. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ಮೂರು ವರ್ಷಕ್ಕೆ 1,500 ಕೋಟಿ ರೂಪಾಯಿ ಒದಗಿಸಲು ಒಪ್ಪಿದ ಮೇಲೆ ವಾರಕ್ಕೆ ಆರು ದಿನ ಕೊಡುವ ವ್ಯವಸ್ಥೆಯಾಯಿತು. ಒಂದು ಮೊಟ್ಟೆಗೆ ನಿಗದಿಯಾದದ್ದು 6 ರೂಪಾಯಿ. ಕೊಳ್ಳುವುದು, ಶಾಲೆಗೆ ತರುವುದು, ಬೇಯಿಸುವುದು, ಸುಲಿಯುವುದು ಎಲ್ಲವೂ ಅದರೊಳಗೇ ಆಗಬೇಕು. ಚಳಿಗಾಲದಲ್ಲಿ ಅಂಗಡಿಯಲ್ಲಿ ಮೊಟ್ಟೆಯ ಬೆಲೆ 7 ರೂಪಾಯಿ ದಾಟಿದಾಗ ಆ ವ್ಯತ್ಯಾಸ ಎಲ್ಲಿಂದ ಬರಬೇಕು? ತಮ್ಮ ಜೇಬಿನಿಂದಲೇ ಬರುತ್ತದೆ ಎಂದು ಆ ತಾಯಿ ಯಾವ ದೂರೂ ಇಲ್ಲದ ದನಿಯಲ್ಲಿ ಹೇಳಿದರು. ಬೆಲೆಯ ವ್ಯತ್ಯಾಸಕ್ಕಿಂತ ಅವರಿಗೆ ಕಷ್ಟವಾಗುವುದು ಹಣ ಬರುವ ಹೊತ್ತು. ಹಣ ಖಾತೆಗೆ ಬರುವುದು ತಡವಾದರೂ ಮೊಟ್ಟೆ ನಿಲ್ಲುವಂತಿಲ್ಲ, ಯಾಕೆಂದರೆ ಮಕ್ಕಳು ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿರುತ್ತಾರೆ. ಹಾಗಾಗಿ ಅಂಗಡಿಯವನ ಹತ್ತಿರ ಸಾಲ. ಅಂಗಡಿಯವನು ಮಕ್ಕಳ ಮುಖ ನೋಡಿ ಕೊಡುತ್ತಾನೆ. ತಿಂಗಳು ಕಳೆದ ಮೇಲೆ ಅವನಿಗೂ ಕಷ್ಟವಾಗುತ್ತದೆ. ಬಜೆಟ್ ಪುಸ್ತಕದಲ್ಲಿ ‘ಪೌಷ್ಟಿಕ ಆಹಾರ’ ಎಂದು ಅಚ್ಚಾದ ಹಣವನ್ನು ಆ ತಿಂಗಳುಗಳಲ್ಲಿ ವಾಸ್ತವವಾಗಿ ಹೊತ್ತುಕೊಂಡವರು ಒಬ್ಬ ಶಿಕ್ಷಕಿ ಮತ್ತು ಒಬ್ಬ ಕಿರಾಣಿ ಅಂಗಡಿಯವನು. ಸರ್ಕಾರಕ್ಕೆ ಅವರಿಬ್ಬರೂ ಬಡ್ಡಿಯಿಲ್ಲದೆ ಸಾಲ ಕೊಟ್ಟಂತಾಯಿತು.

ಇದನ್ನು ಕೇಳಿ ನರ್ಸ್ ಸ್ನೇಹಿತೆ ತಮ್ಮ ಅಕ್ಕನ ಕಥೆ ಹೇಳಿದರು. ಅವರಕ್ಕ ಕಲಬುರಗಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಅಂಗನವಾಡಿ ಕಾರ್ಯಕರ್ತೆ. ಗರ್ಭಿಣಿ, ಬಾಣಂತಿಯರಿಗೆ ಕೊಡಬೇಕಾದ ಮೊಟ್ಟೆ, ತರಕಾರಿಗೆ ಊರಿನ ಅಂಗಡಿಯಲ್ಲಿ ಆಕೆಯ ಹೆಸರಿನಲ್ಲೇ ಉದ್ರಿ ಪಟ್ಟಿ ಇದೆಯಂತೆ. ಗೌರವಧನ ಬಂದ ತಿಂಗಳು ಮೊದಲು ಆ ಉದ್ರಿ ತೀರಿಸಿ, ಉಳಿದದ್ದರಲ್ಲಿ ಮನೆ ನಡೆಸುತ್ತಾರೆ. 2025-26ರ ಬಜೆಟ್ಟಿನಲ್ಲಿ ಅಂಗನವಾಡಿ ಕಾರ್ಯಕರ್ತೆಯರ ಗೌರವಧನವನ್ನು 1,000 ರೂಪಾಯಿ, ಸಹಾಯಕಿಯರದ್ದನ್ನು 750 ರೂಪಾಯಿ ಹೆಚ್ಚಿಸಿದ್ದು ಸ್ವಾಗತಾರ್ಹ. ಆದರೆ ‘ಹೆಚ್ಚಿಗೆ ಕೊಡೂದಕ್ಕಿಂತ ಮೊದಲು ತಾರೀಖಿಗೆ ಸರಿಯಾಗಿ ಕೊಡ್ರಿ’ ಎನ್ನುವುದು ಅವರಕ್ಕನ ಬೇಡಿಕೆ. ಆ ಮಾತಿನಲ್ಲಿರುವ ವಿವೇಕ ನಮ್ಮ ಎಷ್ಟೋ ಬಜೆಟ್ ವಿಶ್ಲೇಷಣೆಗಳಲ್ಲಿ ನನಗೆ ಕಂಡಿಲ್ಲ. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಚಳಿಯಲ್ಲಿ ಫ್ರೀಡಂ ಪಾರ್ಕ್‌ನಲ್ಲಿ ಹಗಲು ರಾತ್ರಿ ಕುಳಿತಿದ್ದನ್ನು ಈ ನಗರದ ಜನ ಕಂಡಿದ್ದಾರೆ. ತಿಂಗಳಿಗೆ ನಿಗದಿತ ಗೌರವಧನ ಖಚಿತವಾಗಿ ಸಿಗಬೇಕೆಂಬುದು ಅವರ ಮುಖ್ಯ ಬೇಡಿಕೆಯಾಗಿತ್ತು. ಮನೆಮನೆಗೆ ಹೋಗಿ ತಾಯಿ ಮಕ್ಕಳ ಆರೋಗ್ಯ ನೋಡಿಕೊಳ್ಳುವವರು ಅಷ್ಟು ಖಚಿತತೆಗಾಗಿ ಬೀದಿಗೆ ಬರಬೇಕಾಯಿತು.

ಈಗ ಖಜಾನೆಯ ಕಡೆಯಿಂದ ನಾನು ಕಂಡದ್ದನ್ನು ಹೇಳುತ್ತೇನೆ. ಬಜೆಟ್ ವಿಧಾನಮಂಡಲದಲ್ಲಿ ಅಂಗೀಕಾರವಾದ ಮಾತ್ರಕ್ಕೆ ಹಣ ಯಾರ ಕೈಗೂ ಬರುವುದಿಲ್ಲ. ಆರ್ಥಿಕ ಇಲಾಖೆ ಕಂತುಗಳಲ್ಲಿ ಬಿಡುಗಡೆಗೆ ಒಪ್ಪಬೇಕು, ಆಡಳಿತ ಇಲಾಖೆ ಆದೇಶ ಹೊರಡಿಸಬೇಕು, ಅದು ಜಿಲ್ಲೆಗೆ, ತಾಲ್ಲೂಕಿಗೆ ಇಳಿಯಬೇಕು, ಬಟವಾಡೆ ಅಧಿಕಾರಿ ಬಿಲ್ಲು ತಯಾರಿಸಬೇಕು, ಆ ಬಳಿಕ ಖಜಾನೆಯಲ್ಲಿ ಬಿಲ್ಲು ಪಾಸಾಗಬೇಕು. ಖಜಾನೆ-2 ತಂತ್ರಾಂಶ ಬಂದ ಮೇಲೆ ಕೊನೆಯ ಹಂತ ಬಹಳ ವೇಗವಾಗಿದೆ. ತಡವಾಗುವುದು ಮೇಲಿನ ಹಂತಗಳಲ್ಲಿ, ಬಿಡುಗಡೆಯ ಆದೇಶಕ್ಕಾಗಿ ಕಾಯುವಾಗ. ಆ ಕಾಯುವಿಕೆ ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿಲ್ಲ ಎಂಬುದನ್ನು ಬಿಲ್ಲುಗಳನ್ನು ನೋಡುತ್ತ ಕುಳಿತವರು ಮಾತ್ರ ಬಲ್ಲರು.

ಸರದಿಯಲ್ಲಿ ಎಲ್ಲರಿಗಿಂತ ಮುಂದಿರುವುದು ಸಾಲದ ಬಡ್ಡಿ. ಸಂವಿಧಾನದ 202ನೇ ವಿಧಿಯ ಪ್ರಕಾರ ಸಾಲದ ಬಡ್ಡಿ ಮತ್ತು ಮರುಪಾವತಿ ರಾಜ್ಯದ ಸಂಚಿತ ನಿಧಿಯ ಮೇಲಿನ ಪ್ರಭೃತ ವೆಚ್ಚ, ಅಂದರೆ ಕೊಡಲೇಬೇಕಾದ ವೆಚ್ಚ. ಅದನ್ನು ಸದನದಲ್ಲಿ ಮತಕ್ಕೆ ಹಾಕುವುದೂ ಇಲ್ಲ. 2025-26ರಲ್ಲಿ ಬಡ್ಡಿಯ ಮೊತ್ತ ಸುಮಾರು 45 ಸಾವಿರ ಕೋಟಿ, ಅಂದರೆ ಶಿಕ್ಷಣ ಇಲಾಖೆಗೆ ಒದಗಿಸಿದ 45,286 ಕೋಟಿಗೆ ಹೆಚ್ಚು ಕಡಿಮೆ ಸಮ. ಆರೋಗ್ಯಕ್ಕೆ ಸಿಕ್ಕಿದ್ದು 17,473 ಕೋಟಿ. ರಾಜ್ಯಗಳು ತಮ್ಮ ಬಜೆಟ್ಟಿನ ಶೇ 8ಕ್ಕಿಂತ ಹೆಚ್ಚನ್ನು ಆರೋಗ್ಯಕ್ಕೆ ಖರ್ಚು ಮಾಡಬೇಕೆಂದು 2017ರ ರಾಷ್ಟ್ರೀಯ ಆರೋಗ್ಯ ನೀತಿ ಹೇಳಿತ್ತು; ನಾವಿರುವುದು ಅದರ ಅರ್ಧದ ಆಸುಪಾಸಿನಲ್ಲಿ. ಬಡ್ಡಿಯ ನಂತರ ಸಂಬಳ, ಪಿಂಚಣಿ. ಅದಾದ ಮೇಲೆ ದೊಡ್ಡ ಕಾಮಗಾರಿಗಳು. ಗುತ್ತಿಗೆದಾರರ ಬಿಲ್ಲುಗಳೂ ವರ್ಷಗಟ್ಟಲೆ ಬಾಕಿ ಉಳಿಯುತ್ತವೆ ಎಂಬುದು ನಿಜ, ಅವರ ಸಂಕಟವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅವರಿಗೆ ಸಂಘವಿದೆ, ವಕೀಲರಿದ್ದಾರೆ, ಪತ್ರಿಕಾಗೋಷ್ಠಿ ಕರೆದರೆ ಮರುದಿನ ಮಂತ್ರಿಗಳು ಉತ್ತರಿಸುತ್ತಾರೆ. ಸರದಿಯ ತೀರಾ ಹಿಂದೆ ಇರುವುದು ವಿದ್ಯಾರ್ಥಿನಿಲಯಕ್ಕೆ ತರಕಾರಿ ಹಾಕುವವನ ಬಿಲ್ಲು, ಅಂಗನವಾಡಿ ನಡೆಯುವ ಬಾಡಿಗೆ ಮನೆಯ ಬಾಡಿಗೆ, ಅತಿಥಿ ಶಿಕ್ಷಕರ ಗೌರವಧನ, ವಿದ್ಯಾರ್ಥಿವೇತನ. ಒಂದೊಂದಾಗಿ ನೋಡಿದರೆ ಇವು ಸಣ್ಣ ಮೊತ್ತಗಳು. ಪಡೆಯುವವರ ಪಾಲಿಗೆ ಅದು ಆ ತಿಂಗಳ ಅಕ್ಕಿ.

ಮಾರ್ಚ್ ಬಂತೆಂದರೆ ಇದೆಲ್ಲ ಕಣ್ಣಿಗೆ ಕಟ್ಟುತ್ತದೆ. ಆರ್ಥಿಕ ವರ್ಷದ ಕೊನೆಗೆ ಖರ್ಚಾಗದ ಅನುದಾನ ಲ್ಯಾಪ್ಸ್ ಆಗುವುದರಿಂದ ವರ್ಷವಿಡೀ ಹನಿಹನಿಯಾಗಿ ಬಂದ ಬಿಡುಗಡೆ ಆದೇಶಗಳು ಕೊನೆಯ ವಾರದಲ್ಲಿ ಒಮ್ಮೆಲೇ ಸುರಿಯುತ್ತವೆ. ಮಾರ್ಚ್ 31ರ ರಾತ್ರಿ ಖಜಾನೆಗಳಲ್ಲಿ ದೀಪ ಆರುವುದಿಲ್ಲ. ಆ ಗಡಿಬಿಡಿಯಲ್ಲಿ, ಕೆಳಹಂತದ ಕಚೇರಿಯೊಂದರ ಗುಮಾಸ್ತನಿಗೆ ಆದೇಶದ ಪ್ರತಿ ಸಂಜೆ ತಲುಪಿ, ಬಿಲ್ಲು ತಯಾರಾಗುವಷ್ಟರಲ್ಲಿ ಸಮಯ ಮೀರಿ, ಅಡುಗೆಯವರ ಗೌರವಧನ ಹೊಸ ವರ್ಷದ ಹೊಸ ಅನುದಾನಕ್ಕಾಗಿ ಮತ್ತೆ ಕಾಯಬೇಕಾದ ಸಂದರ್ಭಗಳನ್ನು ನಾನು ನೋಡಿದ್ದೇನೆ. ಅನುದಾನ ಇತ್ತು, ಆದೇಶವೂ ಬಂತು, ಹಣ ಮಾತ್ರ ಸಿಗಲಿಲ್ಲ. ಲೆಕ್ಕದಲ್ಲಿ ಅದಕ್ಕೆ ‘ಉಳಿತಾಯ’ ಎಂದು ಹೆಸರು.

ಹಣವನ್ನು ತಡೆಹಿಡಿಯುವ ಈ ಅಭ್ಯಾಸ ಗ್ಯಾರಂಟಿಗಳಿಂದ ಹುಟ್ಟಿತು ಎಂಬ ವಾದವನ್ನು ನಾನು ಒಪ್ಪಲಾರೆ. ನಿವೃತ್ತ ಕಂಡಕ್ಟರ್ ಹೇಳಿದ ಸಂಗತಿಯನ್ನೇ ನೋಡಿ. ಸಾರಿಗೆ ನಿಗಮಗಳ ನೌಕರರು 2025ರ ಆಗಸ್ಟ್ 5ರಂದು ಮುಷ್ಕರ ಮಾಡಿದ್ದು 38 ತಿಂಗಳ ವೇತನ ಪರಿಷ್ಕರಣೆಯ ಹಿಂಬಾಕಿಗಾಗಿ. ಆ ಹಿಂಬಾಕಿ 2020ರ ಜನವರಿಯಿಂದ ಲೆಕ್ಕಕ್ಕೆ ಬರುವಂಥದ್ದು. ಶಕ್ತಿ ಯೋಜನೆ ಆರಂಭವಾದದ್ದು 2023ರ ಜೂನ್ 11ರಂದು. ಹಾಗೆಂದು ಗ್ಯಾರಂಟಿಗಳು ಈ ರೋಗದಿಂದ ಹೊರತಾಗಿಯೂ ಇಲ್ಲ. ಮಹಿಳೆಯರಿಗೆ ಕೊಡುವ ಶೂನ್ಯ ಮೊತ್ತದ ಟಿಕೆಟ್‌ನ ಹಣವನ್ನು ಸರ್ಕಾರ ನಿಗಮಗಳಿಗೆ ತುಂಬಿಕೊಡಬೇಕು. ಅದು ಪೂರ್ತಿಯಾಗಿ, ಸಕಾಲಕ್ಕೆ ಬರುತ್ತಿಲ್ಲ ಎಂಬುದು ನೌಕರರ ನಿರಂತರ ದೂರು. ಗೃಹಲಕ್ಷ್ಮಿಯ ಕಂತುಗಳು ತಪ್ಪಿದ್ದು, ತಡವಾದದ್ದು ಸದನದಲ್ಲಿಯೇ ಚರ್ಚೆಯಾಗಿದೆ. ಆ 2,000 ರೂಪಾಯಿಯನ್ನು ನೆಚ್ಚಿ ಮಗಳ ಕಾಲೇಜು ಶುಲ್ಕಕ್ಕೋ ಚೀಟಿಗೋ ಮಾತು ಕೊಟ್ಟಿರುವ ಹೆಂಗಸಿಗೆ, ‘ಮುಂದಿನ ತಿಂಗಳು ಸೇರಿಸಿ ಕೊಡುತ್ತೇವೆ’ ಎಂಬ ಉತ್ತರದಿಂದ ಆಗುವ ಅವಮಾನವನ್ನು ಯಾವ ಲೆಕ್ಕಶೀರ್ಷಿಕೆಯೂ ತೋರಿಸುವುದಿಲ್ಲ.

ಕಂಡಕ್ಟರ್ ಸ್ನೇಹಿತರು ಶಕ್ತಿ ಯೋಜನೆಯ ಬಗ್ಗೆ ಹೇಳಿದ ಇನ್ನೊಂದು ಮಾತು ದಾಖಲಾಗಬೇಕು. ಅವರು ಸೇವೆಯಲ್ಲಿದ್ದಾಗ ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುವ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನ ತಮ್ಮ ನಿಲ್ದಾಣಕ್ಕಿಂತ ಒಂದು ಸ್ಟೇಜ್ ಮೊದಲೇ ಇಳಿದು ನಡೆದು ಹೋಗುತ್ತಿದ್ದರಂತೆ. ಟಿಕೆಟ್ ದರದಲ್ಲಿ ಕೆಲವು ರೂಪಾಯಿ ಉಳಿಯಲಿ ಎಂದು. ಮಳೆ ಬಂದ ದಿನವೂ ಇಳಿಯುತ್ತಿದ್ದರು. ಯೋಜನೆ ಬಂದ ಮೇಲೆ ಹಾಗೆ ಇಳಿಯುವವರು ಇಲ್ಲ ಎಂದು ಅವರ ಜೊತೆಗಾರರು ಹೇಳುತ್ತಾರೆ. ಬಸ್ಸುಗಳಲ್ಲಿ ನೂಕುನುಗ್ಗಲು ಹೆಚ್ಚಾಗಿದೆ, ಅದಕ್ಕೆ ತಕ್ಕಷ್ಟು ಬಸ್ಸುಗಳು ಹೆಚ್ಚಾಗಿಲ್ಲ ಎಂಬುದೂ ನಿಜ. 2025ರ ಜನವರಿಯಲ್ಲಿ ಬಸ್ ದರ ಶೇ 15ರಷ್ಟು ಏರಿದಾಗ ಅದರ ಭಾರ ಬಿದ್ದದ್ದು ಗಂಡಸರ ಮೇಲೆ, ಅವರಲ್ಲೂ ದಿನಗೂಲಿಯವರು ಬಹಳ. ಮರುತಿಂಗಳೇ ಮೆಟ್ರೊ ದರವೂ ಏರಿ, ಗರಿಷ್ಠ ಟಿಕೆಟ್ 60 ರೂಪಾಯಿಯಿಂದ 90 ರೂಪಾಯಿ ಆಯಿತು.

ಈ ಹಿನ್ನೆಲೆಯಲ್ಲಿ ಸುರಂಗ ರಸ್ತೆಯ ವಿಷಯವನ್ನು ನೋಡಬೇಕು. ಬೆಂಗಳೂರಿನ ಉತ್ತರ–ದಕ್ಷಿಣ ಮತ್ತು ಪೂರ್ವ–ಪಶ್ಚಿಮ ಸುರಂಗ ಮಾರ್ಗಗಳಿಗೆ 40,000 ಕೋಟಿ ರೂಪಾಯಿ ವೆಚ್ಚ ಅಂದಾಜಿಸಿ, 19,000 ಕೋಟಿ ರೂಪಾಯಿ ಸಾಲಕ್ಕೆ ಸರ್ಕಾರವೇ ಜಾಮೀನು ನಿಲ್ಲುವುದಾಗಿ 2025-26ರ ಬಜೆಟ್ ಹೇಳಿತು. ಜಾಮೀನು ಎಂದರೆ ಇಂದು ಖಜಾನೆಯಿಂದ ಹಣ ಹೋಗುವುದಿಲ್ಲ, ಆದ್ದರಿಂದ ಖರ್ಚಿನ ಪಟ್ಟಿಯಲ್ಲಿ ಕಾಣುವುದೂ ಇಲ್ಲ. ಸಾಲ ಪಡೆದ ಸಂಸ್ಥೆಗೆ ತೀರಿಸಲಾಗದಿದ್ದರೆ ಮಾತ್ರ ಅದು ರಾಜ್ಯದ ತಲೆಯ ಮೇಲೆ ಬರುತ್ತದೆ, ಬಂದಾಗ ಸರದಿಯ ಮೊದಲ ಸಾಲಿನಲ್ಲಿ ನಿಲ್ಲುತ್ತದೆ. ಸುಮಾರು 40 ಕಿಲೋಮೀಟರ್ ಉದ್ದದ ಈ ಸುರಂಗಗಳಿಗೆ ಕಿಲೋಮೀಟರಿಗೆ ಸುಮಾರು 1,000 ಕೋಟಿ ತಗಲುತ್ತದೆ, ಪ್ರಯೋಜನ ಮುಖ್ಯವಾಗಿ ಟೋಲ್ ತೆತ್ತು ಕಾರಿನಲ್ಲಿ ಹೋಗುವವರಿಗೆ. 2022ರಲ್ಲಿ ಶಂಕುಸ್ಥಾಪನೆಯಾದ ಉಪನಗರ ರೈಲು ಯೋಜನೆ 148 ಕಿಲೋಮೀಟರ್ ಉದ್ದದ್ದು; ಅದರ ಅಂದಾಜು ವೆಚ್ಚ 15,767 ಕೋಟಿ. ಅದು ತೆವಳುತ್ತಿದೆ. ವೆಚ್ಚದ ಅಂದಾಜು ಕಾಲಕಾಲಕ್ಕೆ ಏರುತ್ತದೆಂದು ಒಪ್ಪಿದರೂ ಈ ಎರಡರ ನಡುವಿನ ಅಂತರ ಮುಚ್ಚುವಂಥದ್ದಲ್ಲ. ಪೀಣ್ಯದ ಸ್ನೇಹಿತರು ಸ್ವತಃ ಕಾರಿನಲ್ಲಿ ಓಡಾಡುವವರಾದರೂ, ತಮ್ಮ ಕೆಲಸಗಾರರು ಬರುವುದು ತುಮಕೂರು ಕಡೆಯಿಂದ ರೈಲಿನಲ್ಲಿ, ಬಸ್ಸಿನಲ್ಲಿ, ಆದ್ದರಿಂದ ತಮಗೆ ಬೇಕಾದದ್ದು ರೈಲು ಎಂದು ಅಂದು ಎಲ್ಲರಿಗಿಂತ ಮೊದಲು ಹೇಳಿದರು.

ಈ ಅಸಮಾನತೆ ಬೆಂಗಳೂರಿಗಷ್ಟೇ ಸೀಮಿತವಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಅತ್ಯಂತ ಹಿಂದುಳಿದ 39ರಲ್ಲಿ ಅರ್ಧಕ್ಕಿಂತ ಹೆಚ್ಚು ಅಂದಿನ ಗುಲ್ಬರ್ಗ ವಿಭಾಗದವು. ಆ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂತು, ಪ್ರದೇಶಾಭಿವೃದ್ಧಿ ಮಂಡಳಿ ಬಂತು, ಈಗ ಕಲ್ಯಾಣ ಕರ್ನಾಟಕ ಎನ್ನುವ ಆ ಭಾಗಕ್ಕೆ 2025-26ರಲ್ಲಿ 5,000 ಕೋಟಿ ರೂಪಾಯಿ ಘೋಷಣೆಯಾಯಿತು. ಘೋಷಣೆಯ ದಿನ ಅದು ಮುಖಪುಟದ ಸುದ್ದಿ. ಅದರಲ್ಲಿ ಎಷ್ಟು ಬಿಡುಗಡೆಯಾಗಿ ಎಷ್ಟು ಖರ್ಚಾಯಿತು ಎಂಬುದು ಒಳಪುಟದ ಸುದ್ದಿಯೂ ಆಗುವುದು ಅಪರೂಪ. ಕೇಂದ್ರದ ತೆರಿಗೆ ಹಂಚಿಕೆಯಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದ ಶೇ 4.713ರಿಂದ 15ನೇ ಆಯೋಗದಲ್ಲಿ ಶೇ 3.647ಕ್ಕೆ ಇಳಿದದ್ದಕ್ಕೆ ರಾಜ್ಯ ಸರ್ಕಾರ 2024ರಲ್ಲಿ ದೆಹಲಿಗೆ ಹೋಗಿ ಪ್ರತಿಭಟಿಸಿತು, ಅದು ನ್ಯಾಯವಾದ ಪ್ರತಿಭಟನೆಯೇ ಆಗಿತ್ತು. ಅದೇ ನ್ಯಾಯವನ್ನು ವಿಧಾನಸೌಧವು ತನ್ನ ಜಿಲ್ಲೆಗಳಿಗೆ, ಪಂಚಾಯಿತಿಗಳಿಗೆ, ಶಾಲೆಗಳಿಗೆ ಸಲ್ಲಿಸಬೇಕೆಂದು ಕೇಳುವುದು ಅತಿಯಾದ ಬೇಡಿಕೆಯಲ್ಲ.

ಕೇಳಬೇಕಾದವರು ಯಾರು ಎಂಬ ಪ್ರಶ್ನೆಯೂ ಇದೆ. ಬೆಂಗಳೂರಿನ ಪಾಲಿಕೆಯಾಗಿದ್ದ ಬಿಬಿಎಂಪಿಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆ ಮೇಲೆ ಮಂಡನೆಯಾದ ಪಾಲಿಕೆಯ ಬಜೆಟ್ಟುಗಳ ಮೇಲೆ ಒಬ್ಬ ವಾರ್ಡ್ ಸದಸ್ಯನೂ ಪ್ರಶ್ನೆ ಎತ್ತಿಲ್ಲ, ಯಾಕೆಂದರೆ ಸದಸ್ಯರೇ ಇಲ್ಲ. 2025ರ ಸೆಪ್ಟೆಂಬರ್‌ನಿಂದ ಅದರ ಜಾಗದಲ್ಲಿ ಐದು ಪಾಲಿಕೆಗಳಾದರೂ ಚುನಾವಣೆ ಇನ್ನೂ ಆಗಿಲ್ಲ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಸ್ಥಿತಿಯೂ ಇದೇ. ಅಂಗನವಾಡಿಯ ಬಾಡಿಗೆ ಬಾಕಿಯ ಬಗ್ಗೆ ವಿಧಾನಸಭೆಯಲ್ಲಿ ಪ್ರಶ್ನೆ ಕೇಳಲು ಶಾಸಕರಿಗೆ ಸಮಯವಿರುವುದಿಲ್ಲ; ತಾಲ್ಲೂಕು ಪಂಚಾಯಿತಿಯ ಸದಸ್ಯೆಯೊಬ್ಬಳು ಕೇಳುತ್ತಿದ್ದಳು.

ಪರಿಹಾರಕ್ಕೆ ಹೊಸ ತತ್ವವೇನೂ ಬೇಕಾಗಿಲ್ಲ. ಪೀಣ್ಯದ ಸ್ನೇಹಿತರೇ ಒಂದು ದಾರಿ ತೋರಿಸಿದರು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆಯ ಪ್ರಕಾರ ಸಣ್ಣ ಉದ್ಯಮಿಯಿಂದ ಸರಕು ಪಡೆದವರು ಹೆಚ್ಚೆಂದರೆ 45 ದಿನಗಳೊಳಗೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ಆ ಕಾಯ್ದೆಯಿಂದ ತಮಗೆ ಎಲ್ಲ ಸಲವೂ ನ್ಯಾಯ ಸಿಕ್ಕಿಲ್ಲ, ಆದರೆ ಹಾಗೊಂದು ಕಾಯ್ದೆ ಇದೆ ಎಂಬ ಕಾರಣಕ್ಕೇ ದೊಡ್ಡ ಕಂಪನಿಗಳ ಲೆಕ್ಕ ವಿಭಾಗದವರು ಫೋನ್ ಎತ್ತುತ್ತಾರೆ ಎಂದು ಅವರು ಹೇಳಿದರು. ನಮ್ಮದೇ ರಾಜ್ಯದ 2011ರ ಸಕಾಲ ಕಾಯ್ದೆಯಲ್ಲಿ, ನಿಗದಿತ ದಿನದೊಳಗೆ ಸೇವೆ ಸಿಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿವರೆಗೆ ಪರಿಹಾರ ಕೊಡುವ ಅವಕಾಶವಿದೆ. ಜಾತಿ ಪ್ರಮಾಣಪತ್ರ ತಡವಾದರೆ ಪರಿಹಾರವಿದೆ. ಅಡುಗೆಯವರ ಗೌರವಧನ ಮೂರು ತಿಂಗಳು ತಡವಾದರೆ ಏನೂ ಇಲ್ಲ.

ಹಾಗಾಗಿ ಮುಖ್ಯಮಂತ್ರಿಗಳಲ್ಲಿ ಮತ್ತು ಆರ್ಥಿಕ ಇಲಾಖೆಯಲ್ಲಿ ತಮ್ಮ ಪತ್ರಿಕೆಯ ಮೂಲಕ ನಾನು ವಿನಂತಿಸುವುದು ಇಷ್ಟು. ಅಂಗನವಾಡಿ, ಆಶಾ, ಬಿಸಿಯೂಟ ಕಾರ್ಯಕರ್ತೆಯರ ಗೌರವಧನ, ಅತಿಥಿ ಶಿಕ್ಷಕರ ಸಂಭಾವನೆ, ಶಾಲೆ–ಅಂಗನವಾಡಿ–ವಿದ್ಯಾರ್ಥಿನಿಲಯಗಳ ಆಹಾರದ ಹಣ, ವಿದ್ಯಾರ್ಥಿವೇತನ ಇವುಗಳನ್ನು ಬಿಡುಗಡೆಯ ಸರದಿಯಲ್ಲಿ ನೌಕರರ ಸಂಬಳದ ಜೊತೆಗೇ ಇಡಬೇಕು. ಆಹಾರದ ಹಣವನ್ನು ಒಂದು ತ್ರೈಮಾಸಿಕ ಮುಂಗಡವಾಗಿ ಶಾಲೆಯ ಖಾತೆಗೆ ಹಾಕಬೇಕು, ಮೊಟ್ಟೆಯ ದರವನ್ನು ಮಾರುಕಟ್ಟೆ ದರಕ್ಕೆ ಹೊಂದಿಸಿ ಆಗಾಗ ಪರಿಷ್ಕರಿಸಬೇಕು. ತಡವಾದರೆ ಸಕಾಲದ ಮಾದರಿಯಲ್ಲಿ ಪರಿಹಾರ ಕೊಡುವಂತೆ, ಅದು ಕೆಳಗಿನ ಗುಮಾಸ್ತನ ಮೇಲೆ ಬೀಳದೆ ಬಿಡುಗಡೆ ತಡೆದ ಹಂತದ ಮೇಲೆ ಬೀಳುವಂತೆ ನಿಯಮವಾಗಬೇಕು. ಪ್ರತಿ ಬಿಲ್ಲೂ ಖಜಾನೆ-2ರಲ್ಲಿ ದಿನಾಂಕ ಸಮೇತ ದಾಖಲಾಗುತ್ತದೆ. ಆದ್ದರಿಂದ ಯಾವ ಲೆಕ್ಕಶೀರ್ಷಿಕೆಗೆ ಬಜೆಟ್ಟಿನಲ್ಲಿ ಎಷ್ಟು ಒದಗಿಸಲಾಗಿತ್ತು, ಎಷ್ಟು ಬಿಡುಗಡೆಯಾಯಿತು, ಯಾವ ತಾಲ್ಲೂಕಿಗೆ ಯಾವ ದಿನ ತಲುಪಿತು ಎಂಬ ಪಟ್ಟಿಯನ್ನು ಪ್ರತಿ ತಿಂಗಳು ಕನ್ನಡದಲ್ಲಿ ಪ್ರಕಟಿಸಲು ಹೆಚ್ಚಿನ ವೆಚ್ಚವೇನೂ ಆಗದು.

ತಮ್ಮ ಪತ್ರಿಕೆಯಲ್ಲೂ ಒಂದು ಕೋರಿಕೆ. ಬಜೆಟ್ ಮಂಡನೆಯ ಮರುದಿನ ತಾವು ಪುಟಗಟ್ಟಲೆ ವಿವರ ಕೊಡುತ್ತೀರಿ, ಅದನ್ನು ನಾನು ಪ್ರತಿ ವರ್ಷವೂ ಆಸಕ್ತಿಯಿಂದ ಓದುತ್ತೇನೆ. ಅಷ್ಟೇ ಶ್ರಮವನ್ನು ಸೆಪ್ಟೆಂಬರ್‌ನಲ್ಲಿ ಒಮ್ಮೆ, ಡಿಸೆಂಬರ್‌ನಲ್ಲಿ ಒಮ್ಮೆ ವಹಿಸಿ, ಮಾರ್ಚ್‌ನಲ್ಲಿ ಘೋಷಿಸಿದ್ದರಲ್ಲಿ ಯಾವುದಕ್ಕೆ ಎಷ್ಟು ಹಣ ಹೋಯಿತು ಎಂದು ತಾಲ್ಲೂಕು ಮಟ್ಟದ ವರದಿಗಾರರಿಂದ ಬರೆಯಿಸಿ. ಅದಕ್ಕೆ ಮೊದಲು ಹೋಗಬೇಕಾದ ಜಾಗ ಯಾವುದಾದರೂ ಸರ್ಕಾರಿ ಶಾಲೆಯ ಅಡುಗೆಮನೆ ಮತ್ತು ಅದರ ಹತ್ತಿರದ ಕಿರಾಣಿ ಅಂಗಡಿ; ಬಾಕಿ ಎಷ್ಟಿದೆ, ಯಾವ ತಿಂಗಳಿನದು ಎಂಬುದು ಅಲ್ಲಿಯ ಪುಸ್ತಕದಲ್ಲಿ ಬರೆದಿರುತ್ತದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಖಜಾನೆ ಅಧಿಕಾರಿ
ಬಸವನಗುಡಿ, ಬೆಂಗಳೂರು